ಹೊಗೆಗೆ ಬಿಟ್ಟ ದಾರಿ

ಜೆಚೊನ್ ಪೇಟೆಯ ಹಿಂದಿನ ಸಂದಿಯಲ್ಲಿ, ಎಳ್ಳೆಣ್ಣೆ ಗಾಣಕ್ಕೆ ಒತ್ತಿಕೊಂಡಂತೆ, ಓಕ್‌ಹಿಯ ಆಟದಂಗಡಿ ಇತ್ತು. ಅದು ಮುಚ್ಚಿ ಎಷ್ಟೋ ವರ್ಷಗಳಾದವು. ಆದರೂ ಆಗಿನವರು ಯಾರಾದರೂ ಆ ಕಡೆ ಹಾದರೆ ಒಂದು ಗಳಿಗೆ ನಿಂತು ಮೂಗರಳಿಸುತ್ತಾರೆ. ಹುರಿದ ಎಳ್ಳು, ಸೀಮೆಎಣ್ಣೆ ಸ್ಟೌ, ಕಾದ ತಂತಿ ಈ ಮೂರೂ ಬೆರೆತ ಒಂದು ವಾಸನೆ ಆ ಅಂಗಡಿಗೇ ಮೀಸಲಾಗಿತ್ತು. ಒಳಗೆ ನಾಣ್ಯ ಹಾಕಿ ಆಡುವ ಹದಿನಾಲ್ಕು ವಿಡಿಯೋ ಆಟದ ಪೆಟ್ಟಿಗೆಗಳು. ಹೊರಗೆ ಗಾಜಿನ ಮೇಲೆ ಹಸಿರು ಬಣ್ಣದಲ್ಲಿ 'ಬುದ್ಧಿ ವಿಕಾಸ' ಎಂಬ ದಪ್ಪ ಅಕ್ಷರ. ಯಾರ ಬುದ್ಧಿ ಎಷ್ಟು ವಿಕಾಸವಾಯಿತೋ ದೇವರೇ ಬಲ್ಲ. ಶಾಲೆಯ ಮೇಷ್ಟ್ರುಗಳು ಆ ಬರಹವನ್ನು ಓದಿ ನಗುತ್ತಿದ್ದರು, ಆಮೇಲೆ ಒಳಗೆ ನುಗ್ಗಿ ಮಕ್ಕಳ ಕಿವಿ ಹಿಂಡುತ್ತಿದ್ದರು.

ತೊಂಬತ್ತೊಂದನೇ ಇಸವಿಯ ಎಲೆ ಉದುರುವ ಕಾಲದಲ್ಲಿ ಅಲ್ಲಿಗೆ 'ಕಲ್ಲುಗೋಡೆ' ಬಂತು. ಮೇಲಿನಿಂದ ಕಲ್ಲಿನ ತುಂಡುಗಳು ಒಂದೊಂದಾಗಿ ಇಳಿಯುತ್ತವೆ; ಅವನ್ನು ತಿರುಗಿಸಿ ಕೂಡಿಸಬೇಕು; ಸಾಲು ತುಂಬಿದರೆ ಮಾಯವಾಗುತ್ತದೆ, ತುಂಬದಿದ್ದರೆ ಗೋಡೆ ನೆತ್ತಿಗೇರಿ ಆಟ ಮುಗಿಯುತ್ತದೆ. ಹೊರದೇಶದ ಹೆಸರುವಾಸಿ ಆಟವೊಂದರ ಕಳ್ಳ ನಕಲು ಅದು. ಸಿಯೋಲ್‌ನ ಯಾವುದೋ ಮಹಡಿಯ ಮೇಲೆ ಯಾರೋ ಕೂತು ಅಸಲಿಯನ್ನು ಬಿಚ್ಚಿ, ಚಿತ್ರ ಬದಲಿಸಿ, ನಮ್ಮ ಕಡೆಯ ಹಳೇ ಹಾಡಿನ ಧಾಟಿಯೊಂದನ್ನು ಎರಡು ಸ್ವರ ತಪ್ಪಿಸಿ ಸೇರಿಸಿ, ಮತ್ತೆ ಕಟ್ಟಿದ್ದರು. ಆಟ ತುಂಬಿದ ಹಸಿರು ಸರ್ಕ್ಯೂಟ್ ಹಲಗೆಯನ್ನು ಪೇಪರಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದವನು, "ಅಕ್ಕಾ, ಇದರ ಊರು ಕೇಳಬೇಡಿ, ಹೆತ್ತವರ್ಯಾರು ಅಂತ ಕೇಳಬೇಡಿ, ನಾಣ್ಯ ಬೀಳೋ ಸದ್ದು ಮಾತ್ರ ಕೇಳಿ" ಅಂದಿದ್ದನಂತೆ.

ನಾಣ್ಯ ಬಿದ್ದದ್ದು ಮಕ್ಕಳದ್ದಲ್ಲ. ಮಕ್ಕಳಿಗೆ ಹೊಡೆದಾಟದ ಆಟ ಬೇಕು. 'ಕಲ್ಲುಗೋಡೆ'ಗೆ ಮರುಳಾದವರು ಪೇಟೆಯ ಹೆಂಗಸರು. ಬೆಳಗಿನ ವ್ಯಾಪಾರ ಇಳಿದು ಮಧ್ಯಾಹ್ನದ್ದು ಏರುವ ನಡುವೆ ಸಿಗುವ ಆ ಒಂದು ಗಂಟೆಯಲ್ಲಿ, ಮೀನಿನ ಕೈ ಒರೆಸಿಕೊಂಡು, ಏಪ್ರನ್ ಬಿಚ್ಚದೇ ಬಂದು ಸಾಲು ನಿಲ್ಲುತ್ತಿದ್ದರು. ಸಾಲು ಅಂದರೆ ಮನುಷ್ಯರ ಸಾಲಲ್ಲ. ಪರದೆಯ ಗಾಜಿನ ಕೆಳಗಿನ ಅಂಚಿನಲ್ಲಿ ತಮ್ಮ ಐವತ್ತು ವನ್ ನಾಣ್ಯವನ್ನು ಇಟ್ಟು ಹೋದರೆ ಮುಂದಿನ ಸರದಿ ಅವರದು. ಆ ನಾಣ್ಯವನ್ನು ಮುಟ್ಟುವ ಧೈರ್ಯ ಪೇಟೆಯ ರೌಡಿಗೂ ಇರಲಿಲ್ಲ.

ಅವರಲ್ಲಿ ತೋಫು ಮಾರುವ ಸುನ್‌ದೊಕ್ ಅಮ್ಮನದೇ ಮೇಲುಗೈ. ಆಕೆ ಆಡುತ್ತಿದ್ದ ಒಂದು ಬೆಳಿಗ್ಗೆ ತಾಕ್ ಬೊಂಗ್‌ಸು ಅವರು ಓಕ್‌ಹಿಯ ಮನೆಯ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆಂದು ಐವತ್ತು ಎಲೆಕೋಸು ಹೊತ್ತು ತಂದರು. ಹಿತ್ತಲಿಗೆ ಹೋಗಲು ಅಂಗಡಿಯ ನಡುವಿನಿಂದಲೇ ದಾರಿ. ಆರು ಸಲ ಹೋಗಿ ಬಂದ ಮನುಷ್ಯ ಏಳನೆಯ ಸಲ ಎರಡು ಕೋಸು ಕಂಕುಳಲ್ಲಿಟ್ಟುಕೊಂಡು ಆ ಪೆಟ್ಟಿಗೆಯ ಹಿಂದೆ ನಿಂತೇಬಿಟ್ಟರು.

"ಏನಣ್ಣ, ಗಾಡಿ ಎಳೆಯೋದು ಬಿಟ್ಟು ಬಾಯಿ ಬಿಟ್ಕೊಂಡು ನಿಂತಿದೀರಿ?" ಅಂದಳು ಸುನ್‌ದೊಕ್ ಅಮ್ಮ, ಪರದೆಯಿಂದ ಕಣ್ಣು ಕೀಳದೆ.

"ಆ ಕಲ್ಲು ಅಲ್ಲಿ ಕೂರಬಾರದಿತ್ತು."

"ಓಹೋ! ಹಂಗಾದ್ರೆ ತಾವೇ ಕೂರಿಸಿ ಬನ್ನಿ ಸ್ವಾಮಿ."

ಬೊಂಗ್‌ಸು ಅವರಿಗೆ ಆಗ ಅರವತ್ತಮೂರು. ಹದಿನೇಳು ವರ್ಷದಿಂದ ಪೇಟೆಯಲ್ಲಿ ಕೈಗಾಡಿ ಎಳೆಯುತ್ತಿದ್ದರು. ಮದುವೆಯಿಲ್ಲ, ಮಕ್ಕಳಿಲ್ಲ, ಹೆಚ್ಚು ಮಾತಿಲ್ಲ. ನದಿಯ ಕಡೆಯ ದಿಬ್ಬದ ಮೇಲೆ ಒಂದು ಕೋಣೆ, ಒಂದು ಅಡುಗೆಮೂಲೆ. ಮುರಿದ ತರಕಾರಿ ಪೆಟ್ಟಿಗೆಗಳ ಹಲಗೆಯನ್ನು ಸಂಜೆ ಗಾಡಿಯಲ್ಲಿ ಹೇರಿಕೊಂಡು ಹೋಗಿ ಒಲೆಗೆ ಹಾಕುತ್ತಿದ್ದರು. ಊರೆಲ್ಲ ಕಲ್ಲಿದ್ದಲಿನ ಬಿಲ್ಲೆ ಉರಿಸುವಾಗ ಇವರೊಬ್ಬರು ಇನ್ನೂ ಸೌದೆ ಉರಿಸುವುದನ್ನು ಕಂಡು ಜಿಪುಣ ಅನ್ನುವವರೂ ಇದ್ದರು. ಗಾಡಿ ಎಳೆಯುವುದಕ್ಕೆ ಮೊದಲು ಏನು ಮಾಡುತ್ತಿದ್ದರೆಂದು ಯಾರೂ ಕೇಳಿರಲಿಲ್ಲ.

ಅವತ್ತು ಅವರು ಕೋಸು ಕೆಳಗಿಟ್ಟು ಹಿಡಿಕೆ ಹಿಡಿದರು. ಕಲ್ಲು ಕೂಡಿಸುವ ಕೈ ಎಂಬುದು ಎರಡನೇ ಆಟಕ್ಕೇ ಗೊತ್ತಾಯಿತು. ತುಂಡು ಇಳಿಯುವ ಮೊದಲೇ ಅದರ ಜಾಗ ಅವರಿಗೆ ಕಂಡಿರುತ್ತಿತ್ತು. ಆದರೆ ಒಂದು ವಿಚಿತ್ರ. ಎಡಗಡೆಯ ಅಂಚಿನ ಒಂದು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಖಾಲಿ ಬಿಡುತ್ತಿದ್ದರು.

"ಅಲ್ಲಿ ಮುಚ್ಚಿ ಅಣ್ಣ! ತೂತು ಕಾಣಲ್ವಾ?"

"ಅದು ತೂತಲ್ಲ. ದಾರಿ."

"ಯಾರು ಬರೋದಕ್ಕೆ ದಾರಿ?"

"ಹೆಣ್ಣು ಬರ್ಲಿ ಅಂತ ಬಿಟ್ಟಿರಬೇಕು ಕಣೇ," ಅಂದಳು ಒಣಮೀನಿನವಳು. "ಅರವತ್ತು ದಾಟಿದ್ರೂ ಆಸೆ ಬಿಟ್ಟಿಲ್ಲ ನೋಡು!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ನಾಲ್ಕು ಕಲ್ಲಿನ ಉದ್ದನೆಯ ತುಂಡೊಂದು ಇಳಿದು ಆ ದಾರಿಯೊಳಗೆ ಸರ್ರನೆ ಜಾರಿತು. ಒಂದೇ ಸಲಕ್ಕೆ ನಾಲ್ಕು ಸಾಲು ಮಾಯ. ನಗು ಅಲ್ಲಿಗೇ ನಿಂತಿತು.

ಮರುದಿನದಿಂದ ಗಾಜಿನ ಅಂಚಿನಲ್ಲಿ ಬೊಂಗ್‌ಸು ಅವರ ನಾಣ್ಯವೂ ಕೂತಿತು. ಹತ್ತೂವರೆಗೆ ಬರುವರು, ಎರಡೇ ಆಟ ಆಡುವರು. ಪ್ರತಿ ಸಲವೂ ಒಂಬತ್ತನೇ ಹಂತದಲ್ಲಿ ಸೋಲುವರು. ಆ ನಕಲಿನಲ್ಲಿ ಒಂದು ಐಬಿತ್ತು. ಒಂಬತ್ತರಿಂದಾಚೆ ಉದ್ದನೆಯ ತುಂಡು ಬರುವುದೇ ಇಲ್ಲ. ಕದ್ದವರು ಎಲ್ಲೋ ಒಂದು ಲೆಕ್ಕ ಬಿಟ್ಟಿದ್ದರು. ಹೆಂಗಸರಿಗೆಲ್ಲ ಅದು ಗೊತ್ತು. ಒಂಬತ್ತು ಬಂದೊಡನೆ ಅವರು ಸಿಕ್ಕಸಿಕ್ಕಲ್ಲಿ ತುಂಬಿಕೊಂಡು ಹೇಗೋ ಹತ್ತು, ಹನ್ನೊಂದು ದಾಟುತ್ತಿದ್ದರು. ಬೊಂಗ್‌ಸು ಮಾತ್ರ ದಾರಿ ಬಿಟ್ಟುಕೊಂಡೇ ಕಾಯುವರು, ಗೋಡೆ ಮೇಲೇರುವುದು, ಆಟ ಮುಗಿಯುವುದು.

"ಬರಲ್ಲ ಅಣ್ಣ ಅದು. ಎಷ್ಟು ಸಲ ಹೇಳೋದು? ಮುಚ್ಚಿಬಿಡಿ."

"ಗೊತ್ತಮ್ಮ. ಕೈ ಬರಲ್ಲ."

ಅವರ ಗುಟ್ಟು ಹೊರಬಿದ್ದದ್ದು ನಾಲ್ಕನೇ ಹಂತದ ಚಿತ್ರದಿಂದ. ಅಸಲಿ ಆಟದಲ್ಲಿ ಕಲ್ಲುಗಳ ಹಿಂದೆ ಹೊರದೇಶದ ಗೋಪುರಗಳಿದ್ದವಂತೆ. ನಕಲು ಮಾಡಿದವರು ಅದನ್ನು ಅಳಿಸಿ ನಮ್ಮ ಕಡೆಯ ಹುಲ್ಲುಮಾಡಿನ ಮನೆ, ಉಪ್ಪಿನಕಾಯಿ ಜಾಡಿಗಳು, ಪರ್ಸಿಮನ್ ಹಣ್ಣಿನ ಮರ ಎಲ್ಲ ಬರೆದಿದ್ದರು. ಒಂದು ದಿನ ಆಟದ ನಡುವೆ ಬೊಂಗ್‌ಸು ಹಿಡಿಕೆ ಬಿಟ್ಟು ಬೆರಳು ತೋರಿಸಿ ಗದರಿದರು.

"ಯಾವ ದಡ್ಡ ಬರೆದಿದ್ದು ಇದನ್ನ? ಒಲೆ ಇರೋ ಕಡೇನೇ ಚಿಮಣಿ ನಿಲ್ಸಿದಾನೆ! ಹೊಗೆ ನೆಲದಡಿ ಹೋಗೋದು ಬೇಡ್ವಾ? ಈ ಮನೇಲಿ ಮಲಗಿದೋರು ಚಳಿಗೆ ಸೆಟೆದು ಹೋಗ್ತಾರೆ!"

ಅಷ್ಟು ಮಾತು ಅವರ ಬಾಯಿಂದ ಒಟ್ಟಿಗೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಕಲ್ಲುಗಳು ಇಷ್ಟಬಂದಂತೆ ಬಿದ್ದು ಆಟ ಮುಗಿಯಿತು. ಕಟ್ಟೆಯ ಹಿಂದೆ ಕೂತಿದ್ದ ಓಕ್‌ಹಿ ತಲೆಯೆತ್ತಿದಳು.

"ಯಜಮಾನ್ರೇ, ನೀವು ನೆಲ ಹಾಕ್ತಿದ್ರಾ?"

ಹೌದು. ಹದಿನಾಲ್ಕನೇ ವಯಸ್ಸಿಗೆ ಸೋದರಮಾವನ ಹಿಂದೆ ಹೊರಟ ಬೊಂಗ್‌ಸು ನಲವತ್ತಾರರವರೆಗೆ ಮಾಡಿದ್ದು ಅದೊಂದೇ ಕೆಲಸ. ಅಡುಗೆಮನೆಯ ಒಲೆಯ ಬಿಸಿಯನ್ನು ಕೋಣೆಯ ನೆಲದಡಿ ಹರಿಸಿ ಆಚೆಕಡೆಯ ಚಿಮಣಿಯಿಂದ ಹೊರಗೆ ಬಿಡುವ ಬಿಸಿನೆಲ. ಮಣ್ಣಿನಡಿ ಹೊಗೆಗಾಲುವೆ ಕಟ್ಟಬೇಕು, ಅದರ ಮೇಲೆ ಒಂದರಂತೆ ಒಂದಿಲ್ಲದ ಹಾಸುಗಲ್ಲುಗಳನ್ನು ಸಂದಿಲ್ಲದಂತೆ ಕೂಡಿಸಬೇಕು, ಒಲೆಬದಿಗೆ ದಪ್ಪ ಕಲ್ಲು, ಆಚೆಬದಿಗೆ ತೆಳು ಕಲ್ಲು. ಬೆಂಕಿ ಹಾಕುವುದು ದೊಡ್ಡದಲ್ಲ, ಹೊಗೆಯನ್ನು ಮರ್ಯಾದೆಯಾಗಿ ಬೀಳ್ಕೊಡಬೇಕು ಎನ್ನುತ್ತಿದ್ದ ಆ ಮಾವ. ಎಲ್ಲ ಮುಗಿದ ಮೇಲೆ ಒದ್ದೆ ಹುಲ್ಲನ್ನು ಒಲೆಗೆ ತುರುಕಿ ದಟ್ಟ ಹೊಗೆ ಎಬ್ಬಿಸಿ, ನೆಲದ ಮೇಲೆ ಬೋರಲು ಮಲಗಿ, ಎಲ್ಲಾದರೂ ಎಳೆಯಷ್ಟು ಹೊಗೆ ಏಳುತ್ತದೆಯೇ ಎಂದು ಅಂಗುಲ ಅಂಗುಲ ನೋಡಬೇಕು. ಅದಾದ ಮೇಲೇ ಮನೆಯವರು ಕಾಲಿಡಬೇಕು.

"ಹಂಗಾದ್ರೆ ನನ್ನ ಹಿಂದಿನ ಕೋಣೆ ಒಂಚೂರು ನೋಡಿಕೊಡಿ," ಅಂದಳು ಓಕ್‌ಹಿ. "ಎರಡು ಚಳಿಗಾಲ ಆಯ್ತು, ಒಲೆಬದಿ ಬಿಸೀನೇ ಆಗಲ್ಲ. ನನ್ನ ಮಗಳು ಯೊನ್‌ಜು ಹೆರಿಗೆಗೆ ಬರ್ತಿದಾಳೆ. ಬಾಣಂತಿ, ಮೂರು ವಾರ ಬಿಸಿ ನೆಲದ ಮೇಲೆ ಬೆನ್ನು ಕಾಯಿಸ್ಬೇಕಲ್ವಾ? ಅವಳ ಗಂಡನ ಮನೆ ಸಿಯೋಲ್‌ನಲ್ಲಿ, ಗುಬ್ಬಿಗೂಡು. ಅಲ್ಲಿ ನೋಡ್ಕೊಳ್ಳೋರ್ಯಾರು?"

"ನಾನು ಆ ಕೆಲಸ ಬಿಟ್ಟು ಹದಿನೇಳು ವರ್ಷ ಆಯ್ತಮ್ಮ. ಬೇರೆಯವರನ್ನ ಕೇಳು."

"ಬೇರೆಯವರು ಎಲ್ಲಿದಾರೆ? ಎಲ್ಲಾ ಪೈಪು ಹಾಕೋರೇ."

"ಹಂಗಾದ್ರೆ ಪೈಪೇ ಹಾಕ್ಸು," ಎಂದವರೇ ಹೊರಟುಹೋದರು. ಎರಡನೇ ಆಟದ ನಾಣ್ಯ ಗಾಜಿನ ಅಂಚಿನಲ್ಲೇ ಉಳಿಯಿತು.

ನಾಲ್ಕು ದಿನ ಅವರು ಆ ಸಂದಿಗೆ ಬರಲಿಲ್ಲ. ಐದನೇ ದಿನ ಒಣಮೆಣಸಿನ ಮೂಟೆ ಇಳಿಸಲು ಬರಲೇಬೇಕಾಯಿತು. ಬಾಗಿಲಲ್ಲಿ ನಿಂತಾಗ ಓಕ್‌ಹಿ ಕಟ್ಟೆಯ ಹಿಂದೆ ಹಣೆಗೆ ಬಟ್ಟೆ ಕಟ್ಟಿಕೊಂಡು ಬಟ್ಟಲಿನಿಂದ ಏನೋ ಗುಟುಕರಿಸುತ್ತಿದ್ದಳು.

"ಏನಮ್ಮ ಅದು?"

"ಮೂಲಂಗಿ ಕಿಮ್ಚಿಯ ತಿಳಿನೀರು. ಬೆಳಿಗ್ಗೆ ಎದ್ರೆ ತಲೆ ಸಿಡಿಯತ್ತೆ ಯಜಮಾನ್ರೇ. ಈ ಹದಿನಾಲ್ಕು ಪೆಟ್ಟಿಗೆ ಗಲಾಟೆ ಕೇಳಿ ಕೇಳಿ. ಇದು ಕುಡಿದ್ರೆ ಒಂಚೂರು ಇಳಿಯತ್ತೆ."

ಬೊಂಗ್‌ಸು ಮೂಟೆಯನ್ನು ಅಲ್ಲೇ ಬಿಟ್ಟು, ಕೇಳದೆ ಕೊಳ್ಳದೆ ಹಿಂದಿನ ಕೋಣೆಗೆ ನಡೆದರು. ಮೊಣಕಾಲೂರಿ ನೆಲಕ್ಕೆ ಅಂಟಿಸಿದ ಎಣ್ಣೆಕಾಗದದ ಮೇಲೆ ಅಂಗೈ ಆಡಿಸಿದರು. ಗೋಡೆ ಮೂಲೆಯಲ್ಲಿ ಕಾಗದ ಕಂದಿ ಹಳದಿಯಾಗಿ ಬಿರಿದಿತ್ತು. ಬಗ್ಗಿ ಮೂಸಿದರು. ಎದ್ದವರೇ ಅಡುಗೆಮೂಲೆಗೆ ಹೋಗಿ, ಒಲೆಯಲ್ಲಿ ಉರಿಯುತ್ತಿದ್ದ ಬಿಲ್ಲೆಯನ್ನು ಇಕ್ಕಳದಿಂದ ಎತ್ತಿ ಹಿತ್ತಲಿಗೆ ಒಯ್ದು ನೀರು ಸುರಿದರು.

"ಅಯ್ಯೋ! ಈಗ ತಾನೇ ಹಾಕಿದ್ದು! ತಲೆ ಕೆಟ್ಟಿದೆಯಾ ನಿಮಗೆ?"

"ಪೆಟ್ಟಿಗೆ ಗಲಾಟೆಯಿಂದ ಬಂದ ತಲೆನೋವಲ್ಲಮ್ಮ ಇದು. ನೆಲದ ಬಿರುಕಿಂದ ಬರೋ ಕಲ್ಲಿದ್ದಲ ಗ್ಯಾಸು. ಕಿಟಕಿ ತೆಗೆದು ಮಲಗ್ತೀಯಾ?"

"ಬಚ್ಚಲ ಕಡೆ ಕಿಟಕಿ ಸರಿಯಾಗಿ ಮುಚ್ಚಲ್ಲ…"

"ಅದಕ್ಕೇ ನೀನು ಬದುಕಿದೀಯಾ."

ಮಗಳು ಬರುವಳೆಂದು ಆ ಕಿಟಕಿಗೆ ಹೊಸ ಚೌಕಟ್ಟು ಹಾಕಿಸಲು ಓಕ್‌ಹಿ ಬಡಗಿಗೆ ಹೇಳಿಯಾಗಿತ್ತು. ಆಕೆ ಗೋಡೆಗೊರಗಿ ಕೂತುಬಿಟ್ಟಳು. ಬೊಂಗ್‌ಸು ಅಂಗಿಯ ತೋಳು ಮಡಚತೊಡಗಿದರು.

ನೆಲ ಎಬ್ಬಿಸಿದಾಗ ಒಳಗೆ ಎರಡು ಹೊಗೆಗಾಲುವೆ ಕುಸಿದಿದ್ದವು, ಮಸಿ ಮೊಣಕೈ ಉದ್ದಕ್ಕೆ ತುಂಬಿತ್ತು. ಬೆಳಿಗ್ಗೆ ಗಾಡಿ, ಮಧ್ಯಾಹ್ನದಿಂದ ನೆಲ. ಕೈ ಮರೆತಿರಲಿಲ್ಲ. ಹಾಸುಗಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದು, ಮೂಲೆ ಕೂಡದಿದ್ದರೆ ತಿರುಗಿಸಿ ನೋಡುವುದು, ಮತ್ತೂ ಕೂಡದಿದ್ದರೆ ಬದಿಗಿಟ್ಟು ಅದರ ಜೊತೆಗಾರನಿಗೆ ಕಾಯುವುದು. ಸುನ್‌ದೊಕ್ ಅಮ್ಮ ತೋಫುವಿನ ತಟ್ಟೆ ಹಿಡಿದು ಬಾಗಿಲಲ್ಲಿ ಇಣುಕಿ, "ಇಲ್ಲಿ ನಾಣ್ಯ ಹಾಕೋದು ಬೇಡ್ವಾ ಅಣ್ಣ?" ಎಂದು ಕೇಳಿದಳು. ಆಕೆಯೂ ಒಂದು ಗಳಿಗೆ ಕಣ್ಣು ಕೀಳದೆ ನೋಡಿದಳು.

ಎಲ್ಲ ಅಂದುಕೊಂಡಂತೆ ನಡೆದಿದ್ದರೆ ಮಣ್ಣು ಒಣಗಲು ಎರಡು ವಾರ ಸಿಗುತ್ತಿತ್ತು. ಆದರೆ ಮಗು ಎಂಟು ದಿನ ಮೊದಲೇ ಹುಟ್ಟಿತು. ಹತ್ತಿರದ ವೊಂಜು ಊರಿನ ಆಸ್ಪತ್ರೆಯಲ್ಲಿ ಯೊನ್‌ಜುಗೆ ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಓಕ್‌ಹಿ ಕಣ್ಣೊರೆಸಿಕೊಂಡು, ಸಂಸಿನ್ ಅಜ್ಜಿಗೆ, ಮಕ್ಕಳನ್ನು ಕೊಟ್ಟು ಕಾಯುವ ಆ ತಾಯಿಗೆ, ಅನ್ನ ಮತ್ತು ಕಡಲಸೊಪ್ಪಿನ ಸಾರು ಎಡೆಯಿಟ್ಟು ಪಂಚಾಂಗ ತೆಗೆದಳು. ಮೂರನೇ ದಿನವೇ ಒಳ್ಳೆಯ ದಿನ. ಕಾಟ ಕೊಡುವ ಶಕ್ತಿಗಳು ಯಾವ ದಿಕ್ಕಿನಲ್ಲೂ ಇಲ್ಲದ ದಿನ. ತಿಂಗಳಲ್ಲಿ ಬೆರಳೆಣಿಕೆಯಷ್ಟೇ ಬರುವಂಥದು. ಮನೆ ಬದಲಿಸುವವರು, ಹೊಸದಾಗಿ ಹೊಸಿಲು ದಾಟುವವರು ಆ ದಿನಕ್ಕೇ ಕಾಯುತ್ತಾರೆ. ಅದು ಬಿಟ್ಟರೆ ಮತ್ತೆ ಒಂಬತ್ತು ದಿನ ಇಲ್ಲ.

ಎರಡನೇ ದಿನ ಬೊಂಗ್‌ಸು ಒದ್ದೆ ಹುಲ್ಲು ಹಾಕಿ ಹೊಗೆ ಎಬ್ಬಿಸಿದರು. ಬೋರಲು ಮಲಗಿ ನೋಡುತ್ತ ಹೋದರು. ಆಚೆಬದಿಯ ಮೂಲೆಯಲ್ಲಿ, ಇನ್ನೂ ಹಸಿಯಾಗಿದ್ದ ಮಣ್ಣು ಕೂದಲೆಳೆಯಷ್ಟು ಬಿರಿದು, ಒಂದು ಎಳೆ ಬಿಳಿ ಹೊಗೆ ಮೆಲ್ಲಗೆ ಎದ್ದು ನಿಂತಿತು.

"ಇನ್ನೂ ಹತ್ತು ದಿನ ಬೇಕು. ನಾಳೆ ಕರ್ಕೊಂಡು ಬರಬೇಡ," ಅಂದರು.

"ಒಂದೆಳೆ ಹೊಗೆಗೆ ಹತ್ತು ದಿನವಾ? ಅದರ ಮೇಲೆ ಒಂದು ಹಿಡಿ ಮಣ್ಣು ಮೆತ್ತಿ. ದಿನ ತಪ್ಪಿಸೋಕೆ ಆಗಲ್ಲ ಯಜಮಾನ್ರೇ. ಹಸುಗೂಸು. ಕೆಟ್ಟ ದಿನ ಒಳಗೆ ತಂದು ಏನಾದ್ರೂ ಆದ್ರೆ?"

ಬೊಂಗ್‌ಸು ಎದ್ದು ಕೂತರು. ಮಂಡಿಯ ಮಸಿ ಕೊಡವಿದರು. ಆಮೇಲೆ ಹದಿನೇಳು ವರ್ಷ ಯಾರಿಗೂ ಹೇಳದ್ದನ್ನು, ಅವಳ ಕಡೆ ನೋಡದೆ, ಒಲೆಬಾಯಿಗೆ ಹೇಳುವಂತೆ ಹೇಳಿದರು.

"ಎಪ್ಪತ್ನಾಲ್ಕರಲ್ಲಿ ಒಂದು ಮನೆ ನೆಲ ಹಾಕಿದ್ದೆ. ಬಾಡಿಗೆಗೆ ಇಬ್ಬರು ಹುಡುಗೀರು, ಬಸ್ ಕಂಡಕ್ಟರ್‌ಗಳು. ಹೊಗೆ ಹಾಕಿ ನೋಡೋದು ಬಾಕಿ ಇತ್ತು. ಮನೆ ಯಜಮಾನಮ್ಮ ಬಂದು ಇದೇ ಮಾತಂದ್ಳು. ನಾಳೆ ಒಳ್ಳೇ ದಿನ, ತಪ್ಪಿದ್ರೆ ಮತ್ತೆ ಸಿಗಲ್ಲ ಅಂತ. ನಾನೂ ಹೂಂ ಅಂದೆ. ಒಳ್ಳೇ ದಿನ ಅಲ್ವಾ ಅಂತ. ಮೂರನೇ ಬೆಳಿಗ್ಗೆ ಬಾಗಿಲು ಒಡೆದ್ರು. ಒಬ್ಬಳು ಕಿಮ್ಚಿ ನೀರು ಕುಡಿಸಿದ ಮೇಲೆ ಎದ್ಳು. ಇನ್ನೊಬ್ಬಳು ಜೊಂಗ್‌ನಿಮ್ ಅಂತ. ಹತ್ತೊಂಬತ್ತು ವರ್ಷ. ಏಳಲಿಲ್ಲ."

ಬೊಂಗ್‌ಸು ಬಿರುಕಿನ ಹಸಿ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿದರು.

"ಪೊಲೀಸರು ಕಲ್ಲಿದ್ದಲಿನ ತಪ್ಪು ಅಂದ್ರು. ಆ ಚಳೀಲಿ ಊರೂರಲ್ಲಿ ಹಂಗೇ ಸಾಯ್ತಿದ್ರು. ಯಾರೂ ನನ್ನನ್ನ ಒಂದು ಮಾತು ಅನ್ನಲಿಲ್ಲ. ಅವತ್ತೇ ಕರಣೆ ಹೂತುಬಿಟ್ಟೆ. ಆಮೇಲೆ ಹಾಕಿದ್ದು ಒಂದೇ ನೆಲ, ನನ್ನ ಕೋಣೇದು. ನಾನು ಹಾಕಿದ ನೆಲದ ಮೇಲೆ ಇನ್ನು ನಾನೊಬ್ಬನೇ ಮಲಗಬೇಕು ಅಂತ."

ಹೊರಗೆ 'ಕಲ್ಲುಗೋಡೆ'ಯ ತಪ್ಪು ಧಾಟಿ ಒಂದು ಸುತ್ತು ಮುಗಿಸಿ ಮತ್ತೆ ಶುರುವಾಯಿತು. ಓಕ್‌ಹಿ, "ಹಂಗಾದ್ರೆ ಕೂಸನ್ನ ಎಲ್ಲಿ ಮಲಗಿಸ್ಲಿ?" ಅಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ದಾರಿ ಕಾಣದೆ.

ಬೊಂಗ್‌ಸು ತಮ್ಮ ಅಂಗೈಗಳನ್ನು ಒಂದು ಸಲ ನೋಡಿಕೊಂಡರು.

"ನನ್ನ ಕೋಣೆ ಇದೆ," ಅಂದರು. "ಅಲ್ಲಿ ಉರಿಸೋದು ಸೌದೆ. ನೆಲ ಹದಿನೇಳು ಚಳಿಗಾಲ ಕಂಡಿದೆ. ನಾಳೇನೇ ಕರ್ಕೊಂಡು ಬಾ."

"ಬಡಗಣ ದಿಕ್ಕು…" ಎಂದು ಪಂಚಾಂಗಕ್ಕೆ ಕೈ ಹಾಕಿದವಳು ತಾನೇ ನಿಲ್ಲಿಸಿ, "ನಾಳೆ ಯಾವ ದಿಕ್ಕಾದ್ರೂ ಸರಿ ಅಲ್ವಾ," ಅಂದಳು. ಮೂಗು ಸೇದಿದ ಸದ್ದಾಯಿತು.

ಮರುದಿನ ಯೊನ್‌ಜು ಕಂಬಳಿಯೊಳಗೆ ಮಗುವನ್ನು ಮುಚ್ಚಿಕೊಂಡು ದಿಬ್ಬ ಹತ್ತಿ ಬಂದಳು. ಒಳಗೆ ಬಂದು ಒಲೆಬದಿಯಲ್ಲಿ ಬೆನ್ನು ಚಾಚಿದವಳು, "ಅಮ್ಮಾ, ಸೊಂಟದವರೆಗೂ ಇಳೀತಿದೆ ಬಿಸಿ," ಎಂದು ಕಣ್ಣು ಮುಚ್ಚಿದಳು. ಅದನ್ನು ಬೊಂಗ್‌ಸು ಕೇಳಲಿಲ್ಲ. ಅವರು ಹೊರಗೆ ನಿಂತು ಎಡಕ್ಕೆ ಹೊಸೆದ ಹುಲ್ಲಿನ ಹಗ್ಗಕ್ಕೆ ಇದ್ದಿಲು, ಪೈನ್ ಎಲೆ ಸಿಕ್ಕಿಸಿ ಬಾಗಿಲಿಗೆ ಅಡ್ಡ ಕಟ್ಟುತ್ತಿದ್ದರು. ಹೆಣ್ಣು ಮಗು ಹುಟ್ಟಿದ ಮನೆಯ ಗುರುತು. ಇಪ್ಪತ್ತೊಂದು ದಿನ ಹೊರಗಿನವರು ಅದನ್ನು ದಾಟುವಂತಿಲ್ಲ. ಆಸ್ಪತ್ರೆಯಲ್ಲಿ ಹೆರುವ ಕಾಲಕ್ಕೆ ಆ ಹಗ್ಗ ಕಟ್ಟುವವರೇ ಕಡಿಮೆಯಾಗಿದ್ದರು. ಬೊಂಗ್‌ಸು ಕಟ್ಟಿದರು, ಕಟ್ಟಿ, ತಮ್ಮ ಬಾಗಿಲಿಗೆ ತಾವೇ ಹೊರಗಿನವರಾದರು.

ಪೇಟೆಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು?

"ಕೇಳಿದ್ರೇನ್ರೇ, ತಾಕ್ ಅಣ್ಣಂಗೆ ಹೆಣ್ಣು ಮಗು ಅಂತೆ!"

"ಸುಖ ಪ್ರಸವವಾ ಅಣ್ಣ?"

"ಹಾಲು ಚೆನ್ನಾಗಿ ಬರ್ತಿದೆಯಾ? ಕಡಲಸೊಪ್ಪು ಕಟ್ಟಿಕೊಡ್ಲಾ?"

ಬೊಂಗ್‌ಸು ಕಿವಿಯವರೆಗೂ ಕೆಂಪಾಗಿ ಗಾಡಿ ಎಳೆದುಕೊಂಡು ಹೋಗುವರು. ಆದರೆ ಕಡಲಸೊಪ್ಪಿನ ಕಟ್ಟು, ತೋಫು, ಎರಡು ಮೀನು ದಿನವೂ ಆ ಗಾಡಿಯ ಮೂಲೆಯಲ್ಲಿ ಹೇಗೋ ಬಂದು ಕೂತಿರುತ್ತಿದ್ದವು. ಅವನ್ನು ದಿಬ್ಬಕ್ಕೆ ಒಯ್ದು ಹಗ್ಗದಾಚೆ ನಿಂತು ಕೆಮ್ಮಿದರೆ ಓಕ್‌ಹಿ ಬಂದು ತೆಗೆದುಕೊಳ್ಳುವಳು. ಒಂದು ದಿನ ಮಗುವನ್ನು ಒಂದೇ ಒಂದು ಸಲ ನೋಡುತ್ತೇನೆಂದು ಹಗ್ಗ ಎತ್ತಹೋದ ಸುನ್‌ದೊಕ್ ಅಮ್ಮನನ್ನು ಬೊಂಗ್‌ಸು ದಿಬ್ಬದ ಕೆಳಗಿನವರೆಗೂ ಅಟ್ಟಿದರು.

ಅವರ ವಾಸ ಆಟದಂಗಡಿಯಲ್ಲಿ. ಎರಡು ಬೆಂಚು ಜೋಡಿಸಿ, ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಟ್ಟು ಮಲಗುತ್ತಿದ್ದರು. ಓಕ್‌ಹಿ ಬರುವವರೆಗೆ ಅಂಗಡಿ ನೋಡಿಕೊಳ್ಳುವುದೂ ಅವರೇ. ಹನ್ನೊಂದನೇ ದಿನಕ್ಕೆ ಹಿಂದಿನ ಕೋಣೆಯ ನೆಲ ಬಿಳಿಚಿಕೊಂಡು ಒಣಗಿತು. ಮೂರು ಸಲ ಹೊಗೆ ಹಾಕಿ ನೋಡಿದರು. ಚಿಮಣಿಯಲ್ಲಿ ಬಿಟ್ಟರೆ ಬೇರೆಲ್ಲೂ ಒಂದೆಳೆ ಏಳಲಿಲ್ಲ. ಆದರೂ ಮೂರು ವಾರ ಮುಗಿಯದೆ ಬಾಣಂತಿಯನ್ನು ಗಾಳಿಗೆ ತರಬಾರದೆಂದು ಓಕ್‌ಹಿಯೇ ಹೇಳಿದಳು.

ಒಂದು ವಿಷಯ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಬೆಳಿಗ್ಗೆ ಗಾಡಿ ಹಿಡಿಯುವ ಮೊದಲು ಬೊಂಗ್‌ಸು ದಿಬ್ಬ ಹತ್ತಿ ಹಗ್ಗದಿಂದ ನಾಲ್ಕು ಮಾರು ದೂರ ನಿಲ್ಲುತ್ತಿದ್ದರು. ತಮ್ಮ ಕಲ್ಲು ಗೊತ್ತು, ಸೌದೆ ಗೊತ್ತು, ಚಿಮಣಿಯ ಹೊಗೆ ನೆಟ್ಟಗೆ ಏಳುವುದು ಕಣ್ಣಿಗೇ ಕಾಣುತ್ತದೆ. ಆದರೂ ನಿಲ್ಲುವರು. ಮೊದಲ ರೈಲು ಕೂಗುವ ಹೊತ್ತಿಗೆ ಮಗು ಎದ್ದು ಅಳುತ್ತಿತ್ತು. ಆ ಅಳು ಕಿವಿಗೆ ಬಿದ್ದ ಮೇಲೆ ಟೋಪಿ ಸರಿ ಮಾಡಿಕೊಂಡು ಇಳಿದು ಹೋಗುವರು. ದೇವರ ಹೆಸರು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಆ ನಿಲ್ಲುವಿಕೆಯೇ ಅವರ ಪ್ರಾರ್ಥನೆ ಅಂದರೆ ತಪ್ಪಾಗದು.

ಹತ್ತೊಂಬತ್ತನೇ ಬೆಳಿಗ್ಗೆ ಹಿಮ ಬಿದ್ದಿತ್ತು. ಮೊದಲ ರೈಲು ಕೂಗಿತು. ಮಗು ಅಳಲಿಲ್ಲ. ಬೊಂಗ್‌ಸು ಟೋಪಿ ತೆಗೆದು ಕಿವಿಗೊಟ್ಟು ನಿಂತರು. ಗೂಡ್ಸ್ ಗಾಡಿಯೊಂದು ಗಡಗಡಿಸಿ ಹೋಯಿತು. ಎರಡನೇ ರೈಲೂ ಕೂಗಿತು. ಒಳಗಿನಿಂದ ಒಂದು ಸದ್ದಿಲ್ಲ, ಕೆಮ್ಮಿಲ್ಲ, ಪಾತ್ರೆಯ ಸಪ್ಪಳವಿಲ್ಲ. ಸೌದೆ, ಸೌದೆ ಎಂದು ತಮಗೆ ತಾವೇ ಹೇಳಿಕೊಂಡರು. ಕಾಲು ಅದನ್ನು ಕೇಳಲಿಲ್ಲ. ಹಗ್ಗದಡಿ ನುಗ್ಗಿ, ಬಾಗಿಲು ಎಳೆದು, ಮೂರು ಹೆಜ್ಜೆಯಲ್ಲಿ ಕೋಣೆಯ ನಡುವೆ ನಿಂತಿದ್ದರು.

ಯೊನ್‌ಜು ಗೋಡೆಗೊರಗಿ ಕೂದಲು ಬಾಚಿಕೊಳ್ಳುತ್ತಿದ್ದಳು. ಮಗು ಒಲೆಬದಿಯಲ್ಲಿ ಮಲಗಿ, ಕಣ್ಣು ಪಿಳಿಪಿಳಿ ಬಿಡುತ್ತ, ಸೂರಿನ ಯಾವುದೋ ತೊಲೆಯ ಜೊತೆ ಬಹಳ ಮುಖ್ಯವಾದ ಮಾತಿನಲ್ಲಿ ಮುಳುಗಿದಂತಿತ್ತು.

"ತಾತಾ! ಬೂಟು!" ಯೊನ್‌ಜು ಬಾಯಿ ಮುಚ್ಚಿಕೊಂಡು ನಕ್ಕಳು. "ಬೂಟು ಹಾಕ್ಕೊಂಡೇ ಒಳಗೆ ಬಂದ್ಬಿಟ್ರಲ್ಲ!"

ಬೂಟು ಹಾಕಿಕೊಂಡು ನೆಲ ಹತ್ತುವುದೆಂದರೆ ಕಳ್ಳನೂ ಮಾಡದ ಕೆಲಸ. ಅಡುಗೆಮೂಲೆಯಿಂದ ಓಕ್‌ಹಿ ಸೌಟು ಹಿಡಿದೇ ಬಂದಳು.

"ಹಗ್ಗ ದಾಟಿದ್ರಾ? ನೀವಾ? ಮೊನ್ನೆ ತಾನೇ ಸುನ್‌ದೊಕ್ ಅಮ್ಮನ್ನ ಅಟ್ಟಿಸ್ಕೊಂಡು ಹೋದೋರು?"

"ಮಗು ಅಳಲಿಲ್ಲ," ಅಂದರು ಬೊಂಗ್‌ಸು.

"ಹೊಟ್ಟೆ ತುಂಬಿದ್ರೆ ಯಾಕೆ ಅಳತ್ತೆ? ಇವತ್ತು ಬೇಗ ಎದ್ದು…" ಎನ್ನುತ್ತಿದ್ದ ಓಕ್‌ಹಿ ಅವರ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಸಾರು ತೊಟ್ಟಿಕ್ಕುತ್ತಿದ್ದ ಸೌಟನ್ನು ಕೆಳಗಿಳಿಸಿದಳು. ಆಮೇಲೆ ಮೆತ್ತಗೆ, "ಬೂಟು ಬಿಚ್ಚಿ ಯಜಮಾನ್ರೇ. ಹೆಂಗೂ ಬಂದಾಯ್ತು, ಕೂತ್ಕೊಳ್ಳಿ. ಸಾರು ಬಿಸಿ ಇದೆ," ಅಂದಳು.

ಬೊಂಗ್‌ಸು ಬೂಟು ಬಿಚ್ಚಿ ಹೊಸಿಲಾಚೆ ಇಟ್ಟರು. ಮೊಣಕಾಲೂರಿ ನೆಲದ ಮೇಲಿನ ಮೂರು ಒದ್ದೆ ಹೆಜ್ಜೆಗಳನ್ನು ತಮ್ಮ ತೋಳಿನಿಂದಲೇ ಒರೆಸಿದರು. ಮೂರನೆಯದನ್ನು ಒರೆಸುವಾಗ ಮಗುವಿನ ತೀರ ಹತ್ತಿರ ಬಂದಿದ್ದರು. ಅಂಗೈ ಕೆಳಗೆ ನೆಲ ಹದವಾಗಿ ಬೆಚ್ಚಗಿತ್ತು. ಕೈಯನ್ನು ಅಲ್ಲೇ ಒತ್ತಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಇದ್ದರು.

ಒಲೆಬದಿಯ ಜಾಗ ಮಗುವಿನದಾಗಿತ್ತು. ಅವರು ಹಿಂದೆ ಸರಿದು ತಮ್ಮದೇ ಕೋಣೆಯ ತಣ್ಣನೆಯ ಅಂಚಿನಲ್ಲಿ ಕಾಲು ಮಡಚಿ ಕೂತು, ಓಕ್‌ಹಿ ಚಾಚಿದ ಸಾರಿನ ಬಟ್ಟಲನ್ನು ಎರಡೂ ಕೈಯಿಂದ ತೆಗೆದುಕೊಂಡರು.